ಬರೆಯದೆ ಬಿಟ್ಟ ಹಾಲು

ಆರ್ಡಿಸ್ ಕ್ವಾಲ್‌ಹೈಮ್ ಜನ್ಮದಲ್ಲಿ ಓಡಿದವಳಲ್ಲ. ಚಿಕ್ಕವಳಿದ್ದಾಗ ಶಾಲೆಯ ಬಸ್ಸು ಹೊರಟುಬಿಟ್ಟರೆ ಅದರ ಹಿಂದೆ ಓಡುವ ಬದಲು ಮನೆಗೆ ವಾಪಸು ಬಂದು ಇನ್ನೊಂದು ಪ್ಯಾನ್‌ಕೇಕ್ ಹಾಕಿಸಿಕೊಂಡವಳು. ಅಂಥವಳು ಹನ್ನೆರಡು ವರ್ಷದಿಂದ ಲಿಂಡೆನ್ ಫಾಲ್ಸ್ ಕಾಲೇಜಿನ ಮುನ್ನೂರ ಎಂಬತ್ತು ಆಟಗಾರರ ಹೊಟ್ಟೆಗೆ ಒಬ್ಬಳೇ ದಿಕ್ಕು. ಫುಟ್‌ಬಾಲ್ ಆಡುವ ಆನೆಮರಿಗಳಿಂದ ಹಿಡಿದು ಕಡ್ಡಿಯಂಥ ಓಟಗಾರ್ತಿಯರವರೆಗೆ ಯಾರು ಏನು ತಿನ್ನಬೇಕು, ಯಾವ ಹೊತ್ತಿಗೆ, ಎಷ್ಟು ಎಂದು ಹೇಳುವ ಡಯಟೀಷಿಯನ್ ಅವಳು. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಈ ಕೆಲಸಕ್ಕೆ ಆರು ಜನ ಇರುತ್ತಾರಂತೆ, ಗಾಜಿನ ಗೋಡೆಯ ಆಫೀಸು ಇರುತ್ತದಂತೆ. ಇವಳಿಗೆ ಕೊಟ್ಟದ್ದು ಹಿಂದೆ ಟವೆಲ್ ಪೇರಿಸಿಡುತ್ತಿದ್ದ ಕೋಣೆ. ಗೋಡೆಯಾಚೆ ಬಟ್ಟೆ ಒಗೆಯುವ ಯಂತ್ರಗಳು. ಕುಸ್ತಿಯವರ ಬಟ್ಟೆ ಬಂದ ದಿನ ಹೊರಗೆ ಹಿಮ ಬೀಳುತ್ತಿದ್ದರೂ ಸರಿ, ಆರ್ಡಿಸ್ ಕಿಟಕಿ ತೆರೆದಿಟ್ಟೇ ಕೂರುತ್ತಾಳೆ.

ಹುಟ್ಟಿದ್ದು ಪಕ್ಕದ ಕೌಂಟಿಯಲ್ಲಿ, ಚೀಸ್ ಕಾರ್ಖಾನೆಯ ಮೇಲಂತಸ್ತಿನ ಮನೆಯಲ್ಲಿ. ಅಪ್ಪ ಕೆಳಗೆ ಚೀಸ್ ಮಾಡುತ್ತಿದ್ದ, ಮಕ್ಕಳು ಮೇಲೆ ಆ ವಾಸನೆಯಲ್ಲೇ ಬೆಳೆದರು. ಓದು ಮುಗಿಸಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಹದಿನೈದು ವರ್ಷ, ವೃದ್ಧಾಶ್ರಮದಲ್ಲಿ ಹತ್ತು ವರ್ಷ ಕೆಲಸ ಮಾಡಿದಳು. ಕಾಲೇಜಿಗೆ ಯಾಕೆ ಬಂದಿರಿ ಎಂದು ಯಾರಾದರೂ ಕೇಳಿದರೆ ಒಂದೇ ಉತ್ತರ. "ಹಲ್ಲಿಲ್ಲದವರಿಗೆ ಬಟಾಣಿ ಅರೆದೂ ಅರೆದೂ ಸಾಕಾಗಿತ್ತು ಕಣ್ರೋ. ಒಂದಷ್ಟು ದಿನ ಹಲ್ಲಿರೋರನ್ನ ನೋಡೋಣ ಅನ್ನಿಸ್ತು."

ಪ್ರತಿ ಆಗಸ್ಟಿನಲ್ಲಿ, ತರಗತಿಗಳು ಶುರುವಾಗುವ ಮೊದಲು, ಎಲ್ಲ ತಂಡಗಳನ್ನೂ ಕುಸ್ತಿಯ ಚಾಪೆಯ ಮೇಲೆ ಕೂರಿಸಿ ನಲವತ್ತು ಪ್ರಶ್ನೆಗಳ ಪರೀಕ್ಷೆ ಕೊಡುವುದು ಅವಳ ಪದ್ಧತಿ. ಆಟಗಾರರಿಗೆ ಊಟದ ವಿಚಾರ ಎಷ್ಟು ಗೊತ್ತಿದೆ ಎಂದು ತಿಳಿಯಲಿಕ್ಕೆ. ಗೊತ್ತಿರುವುದು ಅಷ್ಟಕ್ಕಷ್ಟೇ. ಪ್ರೋಟೀನ್ ಇರುವ ಮೂರು ಪದಾರ್ಥ ಬರೆಯಿರಿ ಎಂದರೆ ಫುಟ್‌ಬಾಲಿನ ಒಬ್ಬ ಮಹಾಶಯ 'ಕೋಳಿ, ಕೋಳಿಯ ರೆಕ್ಕೆ, ಇನ್ನೊಂದು ಕೋಳಿ' ಎಂದು ಬರೆದಿದ್ದ. ಪಂದ್ಯದ ಹಿಂದಿನ ದಿನ ಏನು ತಿನ್ನಬೇಕು ಎಂಬುದಕ್ಕೆ 'ಅಮ್ಮ ಮಾಡಿದ್ದು' ಎಂದು ಬರೆದವನಿಗೆ ಆರ್ಡಿಸ್ ಅರ್ಧ ಅಂಕ ಕೊಟ್ಟಳು. ಅವನ ಅಮ್ಮನ ಕೈರುಚಿ ಅವಳಿಗೆ ಗೊತ್ತಿತ್ತು.

ಅಂಕಗಳ ಮೇಲೆ ಅವಳಿಗೆ ಅಂಥ ನಂಬಿಕೆಯೇನೂ ಇಲ್ಲ. ನಂಬಿಕೆ ಇರುವುದು ಎಂಜಲು ತಟ್ಟೆಗಳ ಮೇಲೆ. ಕಾಲೇಜಿನ ಕ್ಯಾಂಟೀನಿನಲ್ಲಿ ಉಂಡವರು ತಟ್ಟೆ ಇಟ್ಟುಹೋಗುವ ರಬ್ಬರಿನ ಪಟ್ಟಿಯೊಂದು ಉರುಳುತ್ತಾ ಅಡುಗೆಮನೆಯೊಳಗೆ ಸಾಗುತ್ತದಲ್ಲ, ಅದರ ಬಾಯಲ್ಲಿ ಮಧ್ಯಾಹ್ನದ ಹೊತ್ತು ಆರ್ಡಿಸ್ ಕೈಕಟ್ಟಿ ನಿಂತಿರುತ್ತಾಳೆ. ಯಾರು ಬೀನ್ಸ್ ಬಿಟ್ಟರು, ಯಾರು ಬ್ರೆಡ್ಡಿನ ಅಂಚು ಕಿತ್ತಿಟ್ಟರು, ಯಾರ ತಟ್ಟೆಗೆ ಆಹಾರ ಸೋಕಿದ್ದೇ ಇಲ್ಲ, ಎಲ್ಲವೂ ಅವಳ ಕಣ್ಣಿಗೆ ಬೀಳಬೇಕು. ಹುಡುಗರು ಅವಳಿಗೆ ತಟ್ಟೆ ಪೊಲೀಸ್ ಎಂದು ಹೆಸರಿಟ್ಟಿದ್ದಾರೆ. ಎದುರಿಗೆ ಮಾತ್ರ ಮಿಸೆಸ್ ಕೆ ಎನ್ನುತ್ತಾರೆ. ಕ್ವಾಲ್‌ಹೈಮ್ ಎಂದು ಪೂರ್ತಿ ಹೇಳಲು ಯಾರ ನಾಲಿಗೆಯೂ ತಿರುಗುವುದಿಲ್ಲ.

ಆ ವರ್ಷ ಪರೀಕ್ಷೆಯಲ್ಲಿ ನಲವತ್ತಕ್ಕೆ ನಲವತ್ತು ತೆಗೆದವಳು ಒಬ್ಬಳೇ, ಟೆಸ್ಸಾ ಹಾಫ್ಟ್. ಇಪ್ಪತ್ತು ಮೈಲಿ ಆಚೆಯ ಹೈನುಗಾರ ಡ್ವೇನ್ ಹಾಫ್ಟ್‌ನ ಮಗಳು. ಗುಡ್ಡ ಹತ್ತಿ ಹುಲ್ಲುಗಾವಲು ಇಳಿದು ಆರು ಕಿಲೋಮೀಟರ್ ಓಡುವ ಕ್ರಾಸ್ ಕಂಟ್ರಿ ತಂಡದಲ್ಲಿದ್ದಳು, ಕೊನೆಯ ವರ್ಷ. ಒಂಬತ್ತು ಕಾಲೇಜುಗಳು ಸೇರುವ ಅಕ್ಟೋಬರಿನ ದೊಡ್ಡ ಓಟಕ್ಕೆ ತಂಡದಿಂದ ಏಳೇ ಜನರನ್ನು ಆರಿಸುತ್ತಾರೆ. ಟೆಸ್ಸಾ ಮೂರು ವರ್ಷವೂ ಎಂಟನೆಯವಳೋ ಒಂಬತ್ತನೆಯವಳೋ ಆಗಿ, ಓಡುವವರ ಸ್ವೆಟರುಗಳನ್ನು ತೋಳಿಗೆ ಹಾಕಿಕೊಂಡು ನಿಂತು ಗಂಟಲು ಹರಿಯುವಂತೆ ಕೂಗಿದ್ದಳು. ಈ ಸಲ ಏಳರೊಳಗೆ ಬಂದಿದ್ದಳು. ಇದು ಮುಗಿದರೆ ಅವಳು ಮನೆಗೆ ಹೋಗಿ ಅಪ್ಪನ ಜೊತೆ ಹಸು ನೋಡಿಕೊಳ್ಳುವವಳು. ಇನ್ನೊಂದು ಓಟ ಅವಳ ಹಣೆಯಲ್ಲಿ ಬರೆದಿರಲಿಲ್ಲ.

ಅಭ್ಯಾಸ ಶುರುವಾದ ಎರಡನೆಯ ವಾರ ಟೆಸ್ಸಾ ಗುಡ್ಡದ ಅರ್ಧದಲ್ಲಿ ಕಣ್ಣು ಕತ್ತಲೆ ಬಂದು ಕೂತುಬಿಟ್ಟಳು. ಕೋಚ್ ಸ್ಟೆಂಗೆಲ್ ಬಿಸಿಲು ಎಂದ. ಅವನ ವೈದ್ಯಶಾಸ್ತ್ರದಲ್ಲಿ ಎರಡೇ ರೋಗ, ಬಿಸಿಲು ಮತ್ತು ಬಾಳೆಹಣ್ಣು ತಿನ್ನದಿರುವುದು. ಆರ್ಡಿಸ್ ರಕ್ತ ಪರೀಕ್ಷೆ ಮಾಡಿಸಿದಳು. ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ ಬರೀ ಹನ್ನೊಂದು. ಕಾಲೇಜಿನ ಡಾಕ್ಟರು ಖಡಾಖಂಡಿತವಾಗಿ ಹೇಳಿದರು: ಅಕ್ಟೋಬರ್ ಇಪ್ಪತ್ತನಾಲ್ಕಕ್ಕೆ ಅದು ಇಪ್ಪತ್ತು ಮುಟ್ಟಿರಬೇಕು, ಇಲ್ಲದಿದ್ದರೆ ದೊಡ್ಡ ಓಟಕ್ಕೆ ಬಿಡುವುದಿಲ್ಲ.

ಕಬ್ಬಿಣದ ಮಾತ್ರೆ ಶುರುವಾಯಿತು. ನಾಲ್ಕೇ ದಿನಕ್ಕೆ ಟೆಸ್ಸಾಳ ಫೋನ್. ಅವತ್ತು ಶುಕ್ರವಾರ. ನಮ್ಮ ವಿಸ್ಕಾನ್ಸಿನ್‌ನಲ್ಲಿ ಶುಕ್ರವಾರ ಸಂಜೆ ಜನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಎಲ್ಲರೂ ಕರಿದ ಮೀನು ತಿನ್ನಲು ಹೋಗುತ್ತಾರೆ. ಆರ್ಡಿಸಳ ಬಾಯಲ್ಲೂ ಮೀನಿತ್ತು.

"ಮಿಸೆಸ್ ಕೆ, ಮಾತ್ರೆ ತಗೊಂಡ್ರೆ ಹೊಟ್ಟೆ ತೊಳಸತ್ತೆ. ಬೆಳಿಗ್ಗೆ ಓಡೋಕೆ ಆಗ್ತಿಲ್ಲ."

"ಖಾಲಿ ಹೊಟ್ಟೇಲಿ ತಗೋಬೇಡ ಹಂಗಾದ್ರೆ. ಊಟದ ಜೊತೆ ತಗೋ."

"ಅಷ್ಟೇನಾ?"

"ಅಷ್ಟೇ ಕಣೇ. ಮೀನು ಆರಿಹೋಗತ್ತೆ, ಇಡು ಫೋನು."

ಮುಂದಿನ ವಾರ ಆರ್ಡಿಸ್, ಮೂರು ದಿನ ತಿಂದದ್ದನ್ನೆಲ್ಲ ಬರೆದುಕೊಡು ಎಂದಳು. ಟೆಸ್ಸಾ ನಾಲ್ವರು ಗೆಳತಿಯರ ಜೊತೆ ಬಾಡಿಗೆ ಮನೆಯಲ್ಲಿದ್ದಳು, ಅಡುಗೆ ತಾವೇ ಮಾಡಿಕೊಳ್ಳುತ್ತಿದ್ದರು. ಅವಳ ತಟ್ಟೆ ಆರ್ಡಿಸಳ ಕಣ್ಣಿಗೆ ಬೀಳುವಂತಿರಲಿಲ್ಲ, ಬರಹವೇ ಗತಿ. ಬಂದ ಪಟ್ಟಿ ನೋಡಿದರೆ ಕಣ್ಣಿಗೊತ್ತಿಕೊಳ್ಳಬೇಕು, ಹಾಗಿತ್ತು. ಮಾಂಸ, ಬೇಯಿಸಿದ ಕಾಳು, ಪಾಲಕ್, ಆಲೂಗಡ್ಡೆ, ಮೊಟ್ಟೆ, ಎಲ್ಲಕ್ಕೂ ಹೊತ್ತು, ಅಳತೆ. ಆರ್ಡಿಸ್ ಖುಷಿಯಾಗಿ ಹಸಿರು ಶಾಯಿಯಲ್ಲಿ ಸರಿ ಹಾಕಿ ಫೈಲಿಗೆ ಸೇರಿಸಿದಳು.

ಸೆಪ್ಟೆಂಬರ್ ಕೊನೆಗೆ ಮತ್ತೆ ರಕ್ತ ತೆಗೆದರು. ಹನ್ನೊಂದು ಹೋಗಿ ಹತ್ತಾಗಿತ್ತು.

ಸ್ಟೆಂಗೆಲ್ ಟವೆಲ್ ಕೋಣೆಗೆ ಬಂದು ಬಾಗಿಲಲ್ಲೇ ನಿಂತ. "ಆರ್ಡಿಸ್, ಆ ಹುಡುಗಿ ಮಾತ್ರೆ ತಿಂತಿದ್ದಾಳಾ, ನಾಯಿಗೆ ಹಾಕ್ತಿದ್ದಾಳಾ? ನಾನು ಏಳನೇ ಜಾಗಕ್ಕೆ ಬೇರೆಯವರನ್ನ ನೋಡ್ಕೋಬೇಕಾಗತ್ತೆ."

"ಇಪ್ಪತ್ತನಾಲ್ಕಕ್ಕೆ ಇನ್ನೂ ದಿನ ಇದೆ. ಅಲ್ಲೀವರೆಗೂ ನಿನ್ನ ಬಾಳೆಹಣ್ಣು ತಿನ್ನುತ್ತಾ ಇರು, ಹೋಗು."

ಟೆಸ್ಸಾ ಮಾತ್ರ ಕೆಂಡವಾಗಿದ್ದಳು. ಕಣ್ಣಲ್ಲಿ ನೀರು ಬೇರೆ. "ಒಂದು ದಿನಾನೂ ತಪ್ಪಿಸಿಲ್ಲ ಮಿಸೆಸ್ ಕೆ. ದೇವರಾಣೆಗೂ. ನನ್ನ ಜೊತೆಯವರನ್ನ ಕೇಳಿ, ಅಮ್ಮನ್ನ ಕೇಳಿ. ನಾಲ್ಕು ವರ್ಷ ಕಾದು ಬಂದಿರೋ ಜಾಗ ಇದು. ನಾನೇ ಯಾಕೆ ಹಾಳು ಮಾಡ್ಕೊಳ್ಳಿ?"

ಆರ್ಡಿಸ್ ಹುಡುಗಿಯ ಮುಖ ನೋಡಿದಳು. ಆಸ್ಪತ್ರೆ, ವೃದ್ಧಾಶ್ರಮ, ಕಾಲೇಜು ಸೇರಿ ಮೂವತ್ತೇಳು ವರ್ಷದಲ್ಲಿ ಊಟದ ವಿಷಯದಲ್ಲಿ ಸುಳ್ಳು ಹೇಳುವ ಎಷ್ಟೋ ಮುಖಗಳನ್ನು ನೋಡಿದ್ದಳು. ಇದು ಅಂಥ ಮುಖವಲ್ಲ. "ಕೇಳೋದೇನೂ ಬೇಡ. ಭಾನುವಾರ ಊರಿಗೆ ಹೋಗ್ತೀಯಲ್ಲ, ನಾನೂ ಊಟಕ್ಕೆ ಬರ್ತೀನಿ ಅಂತ ನಿಮ್ಮಮ್ಮನಿಗೆ ಹೇಳು" ಎಂದಳು.

ಹಾಫ್ಟ್ ಮನೆಯಲ್ಲಿ ಭಾನುವಾರದ ಊಟ ಚರ್ಚಿನಿಂದ ಬಂದ ಮೇಲೆ ಹನ್ನೆರಡಕ್ಕೆ ಸರಿಯಾಗಿ. ತಾಯಿ ಕಾರ್ಲಾ ಬೆಳಿಗ್ಗೆಯೇ ಒಲೆಗಿಟ್ಟಿದ್ದ ಮಾಂಸ ಮುಟ್ಟಿದರೆ ಬಿಡುವಷ್ಟು ಬೆಂದಿತ್ತು. ಸುತ್ತ ಕ್ಯಾರೆಟ್, ಆಲೂಗಡ್ಡೆ, ಒಂದು ಬಟ್ಟಲು ಬೀನ್ಸ್. ಆರ್ಡಿಸ್ ಒಂದೊಂದನ್ನೂ ಕಣ್ಣಲ್ಲೇ ತೂಗಿದಳು. ಹುಡುಗಿ ಮಾಂಸ ಬಡಿಸಿಕೊಂಡಳು, ತಿಂದಳು, ಎರಡನೆಯ ಸಲವೂ ಬಡಿಸಿಕೊಂಡಳು. ಎಲ್ಲೂ ಮೋಸವಿಲ್ಲ. ಡ್ವೇನ್ ಬಾಗಿಲಷ್ಟು ಅಗಲದ ಮನುಷ್ಯ, ಮಾತು ಕಡಿಮೆ, ಮಗಳ ಕಡೆಯೇ ನೋಡುತ್ತಿದ್ದ.

ಟೆಸ್ಸಾ ಜೇಬಿನಿಂದ ಮಾತ್ರೆ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. "ನೋಡ್ಕೊಳ್ಳಿ. ಮೂರು ಜನ ಸಾಕ್ಷಿ ಇದ್ದೀರ." ಬಾಯಿಗೆ ಹಾಕಿಕೊಂಡು ಲೋಟ ಎತ್ತಿ ಗಟಗಟನೆ ಕುಡಿದಳು. ಅಪ್ಪ ಜಗ್ ತೆಗೆದುಕೊಂಡು ಖಾಲಿಯಾದ ಲೋಟವನ್ನು ಮತ್ತೆ ತುಂಬಿಸಿದ.

ಆರ್ಡಿಸಳ ಲೋಟವೂ ಬಾಯಿಯ ಹತ್ತಿರ ಇತ್ತು. ಅಲ್ಲೇ ನಿಂತಿತು.

"ಟೆಸ್ಸಾ, ಏನು ಕುಡಿದೆ ನೀನು?"

"ಯಾವಾಗ?"

"ಈಗ. ಮಾತ್ರೆ ನುಂಗೋಕೆ."

ಟೆಸ್ಸಾ ಲೋಟವನ್ನು ಮೊದಲ ಸಲ ನೋಡುವವಳಂತೆ ನೋಡಿದಳು. "ಹಾಲು."

"ದಿನಾ ಹಿಂಗೇನಾ?"

"ಹೂಂ. ಊಟದ ಜೊತೆ ತಗೋ ಅಂದ್ರಲ್ಲ. ಅಪ್ಪ ಬುಧವಾರ ಬುಧವಾರ ತಂದು ಕೊಡ್ತಾರೆ, ಅಲ್ಲೂ ಇದೇ ಹಾಲು."

"ಮತ್ತೆ ಮೂರು ದಿನದ ಪಟ್ಟಿ ಕೊಟ್ಯಲ್ಲ, ಅದರಲ್ಲಿ ಹಾಲು ಎಲ್ಲೇ ಬರ್ದಿದ್ದೆ?"

"ನೀರೂ ಬರ್ದಿರ್ಲಿಲ್ವಲ್ಲ ಮಿಸೆಸ್ ಕೆ."

ಹೇಳುವುದೇನಿದೆ. ಅವಳು ಹೇಳಿದ್ದು ಸರಿ. ನಮ್ಮ ಕಡೆ ಊಟದ ಮೇಜಿನ ಮೇಲೆ ಹಾಲಿನ ಜಗ್ ಇರುತ್ತದೆ, ಎಲ್ಲರೂ ಕುಡಿಯುತ್ತಾರೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆರ್ಡಿಸ್ ಕೂಡ ಐದು ನಿಮಿಷದ ಹಿಂದೆ ಯಾರನ್ನೂ ಕೇಳದೆ ತಾನೇ ಸುರಿದುಕೊಂಡಿದ್ದಳು. ಹೈನುಗಾರನ ಮಗಳು ಮೂರು ದಿನ ಒಂದು ತೊಟ್ಟು ಹಾಲು ಕುಡಿಯದೆ ಇದ್ದಾಳೆ ಎನ್ನುವ ಪಟ್ಟಿ ನೋಡಿ ಅನುಮಾನ ಬರಬೇಡವೇ? ಚೀಸ್ ಕಾರ್ಖಾನೆಯ ಮಗಳಿಗೆ ಬರಲಿಲ್ಲ. ಇಷ್ಟಕ್ಕೂ ಅವಳ ಪರೀಕ್ಷೆಯ ಮೂವತ್ತೊಂದನೆಯ ಪ್ರಶ್ನೆಯೇ 'ಕಬ್ಬಿಣದ ಮಾತ್ರೆಯನ್ನು ಯಾವುದರ ಜೊತೆ ತೆಗೆದುಕೊಳ್ಳಬಾರದು?' ಎಂಬುದು. 'ಹಾಲು, ಕಾಫಿ, ಟೀ' ಎಂದು ಟೆಸ್ಸಾ ದುಂಡಗೆ ಬರೆದಿದ್ದಳು. ಪ್ರಶ್ನೆ ಕೇಳಿದವಳೂ ಸರಿ ಉತ್ತರ ಬರೆದವಳೂ ಈಗ ಮೇಲ್ದುಟಿಗೆ ಹಾಲಿನ ಮೀಸೆ ಅಂಟಿಸಿಕೊಂಡು ಎದುರುಬದುರು ಕೂತಿದ್ದರು.

ಟೆಸ್ಸಾ ಬಾಯಿಗೆ ಕೈ ಅಡ್ಡ ಹಿಡಿದಳು. ಅವಳಿಗೂ ಹೊಳೆದಿತ್ತು. ತಂದೆತಾಯಿಗೆ ಮಾತ್ರ ತಲೆಬುಡ ಅರ್ಥವಾಗಲಿಲ್ಲ. ಆರ್ಡಿಸ್ ವಿವರಿಸಬೇಕಾಯಿತು. "ಹಾಲಲ್ಲಿರೋ ಸುಣ್ಣದಂಶಕ್ಕೂ ಕಬ್ಬಿಣಕ್ಕೂ ಹೊಟ್ಟೇಲಿ ಜಾಗಕ್ಕೆ ಜಗಳ ಡ್ವೇನ್. ಎರಡೂ ಒಟ್ಟಿಗೆ ಹೋದ್ರೆ ಕಬ್ಬಿಣ ಮೈಗೆ ಹತ್ತಲ್ಲ, ಹೆಚ್ಚುಕಮ್ಮಿ ಹೊರಗೇ ಹೋಗತ್ತೆ."

"ನಮ್ಮ ಹಾಲಲ್ಲಿ ತಪ್ಪು ಹುಡುಕೋಕೆ ಅಂತಾನೇ ಇನ್ಸ್‌ಪೆಕ್ಟರ್ ಬರ್ತಾನೆ" ಎಂದ ಡ್ವೇನ್. "ಇಪ್ಪತ್ತೆರಡು ವರ್ಷದಿಂದ ಬರ್ತಿದ್ದಾನೆ. ಒಂದು ಸಲಾನೂ ಏನೂ ಸಿಕ್ಕಿಲ್ಲ."

"ಹಾಲು ಚಿನ್ನದಂಥ ಹಾಲು. ಮಾತ್ರೆ ತಗೊಳ್ಳೋ ಹೊತ್ತಲ್ಲಿ ಬೇಡ, ಅಷ್ಟೇ. ಎರಡು ಗಂಟೆ ಬಿಟ್ಟು ಕುಡೀಲಿ."

"ಅಂದ್ರೆ ಐದು ವಾರ ತಗೊಂಡಿದ್ದು?" ಎಂದ ಡ್ವೇನ್.

ಡ್ವೇನ್ ಮಗಳ ಮುಂದಿದ್ದ ಲೋಟವನ್ನು ಎತ್ತಿಕೊಂಡು ಹೋಗಿ ಸಿಂಕಿನ ಪಕ್ಕ ಇಟ್ಟ. ಟೋಪಿ ಹಾಕಿಕೊಂಡ. ಊಟ ಅರ್ಧಕ್ಕೇ ಬಿಟ್ಟು ಕೊಟ್ಟಿಗೆಯ ಕಡೆ ನಡೆದುಬಿಟ್ಟ.

"ಕೋಪ ಬಂದಿದೆ" ಎಂದಳು ಆರ್ಡಿಸ್.

"ಹಸು ಹತ್ರ ಹೋದ್ರೆ ಇಳಿಯತ್ತೆ" ಎಂದಳು ಕಾರ್ಲಾ. ಆದರೆ ಆರ್ಡಿಸ್ ಹೊರಡುವವರೆಗೂ ಅವನು ಆಚೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಆರ್ಡಿಸ್ ಟೆಸ್ಸಾಳನ್ನೂ ಕೋಚನ್ನೂ ಟವೆಲ್ ಕೋಣೆಯಲ್ಲಿ ಕೂರಿಸಿ ಮುಚ್ಚುಮರೆಯಿಲ್ಲದೆ ಹೇಳಿದಳು. "ತಪ್ಪು ನನ್ನದು. ಊಟದ ಜೊತೆ ಅಂತ ಹೇಳಿದ್ದು ನಾನು. ಹಾಲು ಬಿಟ್ಟು ಅಂತ ಹೇಳ್ಬೇಕಿತ್ತು, ಹೇಳ್ಲಿಲ್ಲ. ಪಟ್ಟೀಲಿ ಕಾಣ್ಬೇಕಿತ್ತು, ಕಾಣ್ಲಿಲ್ಲ."

ಸ್ಟೆಂಗೆಲ್ ಗಲ್ಲ ಕೆರೆದುಕೊಂಡ. "ಹನ್ನೆರಡು ವರ್ಷದಿಂದ ಎಲ್ಲರ ಎಂಜಲು ತಟ್ಟೆಗೆ ಕಣ್ಣು ಹಾಕಿದ್ದೇ ಹಾಕಿದ್ದು. ಲೋಟ ನೋಡೋದು ಮರ್ತುಹೋಯ್ತಾ?"

"ಬೈಯೋದಿದ್ರೆ ಸರಿಯಾಗಿ ಬೈದುಬಿಡು."

"ಬೈದ್ರೆ ಕಬ್ಬಿಣ ಏರತ್ತಾ? ಮೂರು ವಾರದಲ್ಲಿ ಆಗತ್ತಾ ಹೇಳು."

ಆಗುತ್ತದೆ ಎಂದು ಆರ್ಡಿಸ್ ಹೇಳಲಿಲ್ಲ. ನೋಡೋಣ ಎಂದಳು. ಅವತ್ತಿನಿಂದ ಬೆಳಿಗ್ಗೆ ಆರಕ್ಕೆ ಕಿತ್ತಳೆ ರಸದ ಜೊತೆ ಮಾತ್ರೆ, ಹೊಟ್ಟೆ ತೊಳಸದಂತೆ ಬೆಣ್ಣೆ ಹಚ್ಚದ ಅರ್ಧ ಬ್ರೆಡ್ಡು. ಓಟ ಕಡಿಮೆ. ಸಂಜೆ ಮಾಂಸ ಅಥವಾ ಕಾಳು. ಹಾಲು ಹತ್ತು ಗಂಟೆಯ ಮೇಲೆ. ಆರ್ಡಿಸ್ ದಿನಾ ಆರೂ ಕಾಲಿಗೆ ಫೋನ್ ಮಾಡುತ್ತಿದ್ದಳು, ಟೆಸ್ಸಾ ನಿದ್ದೆಗಣ್ಣಲ್ಲೇ "ಕಿತ್ತಳೆ, ಮಿಸೆಸ್ ಕೆ, ಕಿತ್ತಳೆ" ಎಂದು ಹೇಳಿ ಇಡುತ್ತಿದ್ದಳು. ಆ ಬುಧವಾರ ಡ್ವೇನ್ ಹಾಲು ತರಲಿಲ್ಲ. ಬಾಗಿಲ ಬಳಿ ಆರು ಬಾಟಲಿ ಕಿತ್ತಳೆ ರಸ ಇಟ್ಟು, ಗಂಟೆಯನ್ನೂ ಒತ್ತದೆ ಹೋಗಿಬಿಟ್ಟಿದ್ದ. ಹಾಫ್ಟ್ ಮನೆಯವನು ಅಂಗಡಿಯಲ್ಲಿ ಕಿತ್ತಳೆ ರಸ ಕೊಂಡನೆಂಬ ಸುದ್ದಿ ಊರೆಲ್ಲ ಓಡಾಡಿ, ಅವನಿಗೆ ಮೈ ಹುಷಾರಿಲ್ಲವಂತೆ ಎಂಬಲ್ಲಿಗೆ ಮುಟ್ಟಿತು. ಆರ್ಡಿಸ್ ಅವನಿಗೆ ಎರಡು ಸಲ ಫೋನ್ ಮಾಡಿದಳು. ಎತ್ತಲಿಲ್ಲ. ಇರಲಿ, ಕೋಪ ಮಾಡಿಕೊಳ್ಳುವುದಕ್ಕೆ ಅವನಿಗೆ ಹಕ್ಕಿದೆ ಎಂದುಕೊಂಡಳು. ಆದರೂ ಮನಸ್ಸಿಗೆ ಮುಳ್ಳು ಚುಚ್ಚಿದ ಹಾಗೇ ಇತ್ತು.

ಇಪ್ಪತ್ತನಾಲ್ಕನೆಯ ತಾರೀಖು ಮಧ್ಯಾಹ್ನ ಡಾಕ್ಟರ ಫೋನ್ ಬಂದಾಗ ಆರ್ಡಿಸ್ ಕ್ಯಾಂಟೀನಿನಲ್ಲಿ ಎಂಜಲು ತಟ್ಟೆಗಳ ಮುಂದೆಯೇ ಇದ್ದಳು. ಇಪ್ಪತ್ತೊಂದು ಎಂದರು. ಇನ್ನೊಂದು ಸಲ ಹೇಳಿ ಎಂದಳು. ಇಪ್ಪತ್ತೊಂದೇ. ಆ ಹೊತ್ತಿಗೆ ಸರಿಯಾಗಿ ಬೀನ್ಸ್ ಪೂರ್ತಿ ಬಿಟ್ಟ ತಟ್ಟೆಯೊಂದನ್ನು ತಂದಿಟ್ಟ ಫುಟ್‌ಬಾಲಿನ ಹುಡುಗ ತಲೆ ತಗ್ಗಿಸಿ ಬೈಗುಳಕ್ಕೆ ಸಿದ್ಧನಾಗಿ ನಿಂತ. ಆರ್ಡಿಸ್ ಅವನ ಎರಡೂ ಕೆನ್ನೆ ಹಿಡಿದು "ಹೋಗು ಮಗನೇ, ಚೆನ್ನಾಗಿರು" ಎಂದಳು. ಅವನು ಹೆದರಿ ಹೋದ.

ಓಟ ಶನಿವಾರ. ಕ್ರಾಸ್ ಕಂಟ್ರಿ ನೋಡುವವರಿಗೆ ಕೂರಲು ಜಾಗವಿಲ್ಲ, ನಿಂತಲ್ಲೇ ನಿಂತರೆ ಏನೂ ಕಾಣುವುದಿಲ್ಲ. ಓಡುವವರು ಗುಡ್ಡ ಸುತ್ತಿ ಬರುವಷ್ಟರಲ್ಲಿ ನೋಡುವವರು ಹುಲ್ಲುಗಾವಲು ಅಡ್ಡ ಹಾಯ್ದು ಮುಂದಿನ ತಿರುವಿಗೆ ಓಡಬೇಕು. ಅಪ್ಪಂದಿರು, ಅಜ್ಜಿಯರು, ಕಂಕುಳಲ್ಲಿ ಕೂಸು ಹಿಡಿದವರು, ಎಲ್ಲರೂ ಓಡುತ್ತಾರೆ. ಆರ್ಡಿಸ್ ಪ್ರತಿ ವರ್ಷ ಹೊರಡುವ ಗೆರೆಯ ಬಳಿ ಕುರ್ಚಿ ಹಾಕಿ ಕೂತು ಕಾಫಿ ಕುಡಿಯುತ್ತಿದ್ದವಳು. ಈ ಸಲ ಗುಂಡು ಹಾರಿ, ಅರವತ್ತು ಚಿಲ್ಲರೆ ಹುಡುಗಿಯರ ನಡುವೆ ಟೆಸ್ಸಾಳ ಕೆಂಚು ಜಡೆ ಗುಡ್ಡದ ಹಿಂದೆ ಮರೆಯಾದದ್ದೇ ತಡ, ಕಾಫಿ ಚೆಲ್ಲಿ ಎದ್ದು ಹೊರಟೇಬಿಟ್ಟಳು. ಓಟ ಎನ್ನುವಂತಿರಲಿಲ್ಲ, ನಡಿಗೆ ಎನ್ನಲೂ ಬರುತ್ತಿರಲಿಲ್ಲ. ಪಕ್ಕದಲ್ಲಿ ಯಾರದೋ ಭಾರದ ಬೂಟುಗಳ ಸದ್ದು ಕೇಳಿ ತಿರುಗಿದರೆ ಡ್ವೇನ್. ಇಬ್ಬರೂ ಏದುಸಿರು ಬಿಡುತ್ತಾ ಎರಡನೆಯ ತಿರುವು ಮುಟ್ಟಿದರು. ಟೆಸ್ಸಾ ಮಧ್ಯದ ಗುಂಪಿನಲ್ಲಿ ಬಂದಳು, ಮುಖ ಕೆಂಪಾಗಿತ್ತು, ಹೋದಳು. ಮತ್ತೆ ಮುಕ್ತಾಯದ ಕಡೆ ಓಟ.

ಅಲ್ಲಿ ಮುಟ್ಟಿ, ಕಂಬ ಹಿಡಿದು ನಿಂತು, ಉಸಿರು ಬಂದ ಮೇಲೆ ಡ್ವೇನ್ ಬಾಯಿ ಬಿಟ್ಟ. "ನಿಮ್ಮ ಫೋನ್ ಎತ್ತಲಿಲ್ಲ ನಾನು."

"ಕೋಪ ಬರೋದು ಸಹಜ ಡ್ವೇನ್."

"ಕೋಪ ಯಾರ ಮೇಲೆ? ಎತ್ತಿ ಏನಂತ ಹೇಳ್ಲಿ ಅಂತ." ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಲೋಟಕ್ಕೆ ಸುರೀತಿದ್ದವನು ನಾನು ಆರ್ಡಿಸ್. ಸ್ವಲ್ಪ ಖಾಲಿಯಾದ್ರೆ ಸಾಕು, ಮತ್ತೆ ಸುರೀತಿದ್ದೆ. ಗಟ್ಟಿಯಾಗ್ಲಿ, ಓಡ್ಲಿ ಅಂತ. ಸಾಲ್ದು ಅಂತ ಬುಧವಾರ ಹೊತ್ಕೊಂಡು ಹೋಗಿ ಕೊಡ್ತಿದ್ದೆ. ಅವಳಿಗಿದ್ದಿದ್ದೇ ಒಂದು ಆಸೆ. ಅದಕ್ಕೆ ನಾನೇ ಅಡ್ಡ ನಿಂತಿದ್ದೆ."

ಮೂರು ವಾರ ಇವನು ಇದನ್ನು ಎದೆಯಲ್ಲಿಟ್ಟುಕೊಂಡು ಹಸುಗಳ ನಡುವೆ ಓಡಾಡಿದ್ದಾನೆ, ತಾನು ಒಂದು ಸಲ ಅವನ ಕೊಟ್ಟಿಗೆಗೇ ಹೋಗಿ ಹೇಳಿದ್ದರೆ ಆಗುತ್ತಿತ್ತು. "ಇಲ್ಲಿ ಕೇಳಿ. ಊಟದ ಜೊತೆ ತಗೋ ಅಂದಿದ್ದು ನಾನು. ಬಾಯಲ್ಲಿ ಮೀನು ಇಟ್ಕೊಂಡು, ಮೀನು ಆರಿಹೋಗತ್ತೆ ಅಂತ ಫೋನ್ ಇಟ್ಟವಳು ನಾನು. ನಿಮ್ಮದೇನೂ ತಪ್ಪಿಲ್ಲ."

"ಹಾಲು ನಂದು."

"ಹಾಲು ನಿಮ್ಮದಾದ್ರೆ ಓದಿರೋಳು ನಾನು. ನಿಮಗೆ ಗೊತ್ತಿರ್ಲಿಲ್ಲ. ನಂಗೆ ಗೊತ್ತಿತ್ತು. ಯಾರ ತಪ್ಪು ದೊಡ್ಡದು?"

"ಸುರಿದಿದ್ದು ನಾನು ಅಂತ ಹೇಳ್ತಿದ್ದೀನಲ್ಲ."

"ಅಯ್ಯೋ ಮಾರಾಯರೇ, ತಪ್ಪಿಗೂ ಜಗಳ ಆಡ್ತೀರಲ್ಲ."

ಅಷ್ಟರಲ್ಲಿ ಜನ ಕೂಗತೊಡಗಿದರು. ಹುಡುಗಿಯರು ಒಬ್ಬೊಬ್ಬರಾಗಿ ಇಳಿಜಾರು ಇಳಿದು ಬಂದರು, ಮತ್ತೆ ಗುಂಪಾಗಿ ಬಂದರು, ಆ ಗುಂಪಿನ ಅಂಚಿನಲ್ಲಿ ಕೆಂಚು ಜಡೆ ಇಬ್ಬರನ್ನು ಹಿಂದೆ ಹಾಕಿ, ಇನ್ನೊಬ್ಬಳನ್ನೂ ಹಿಂದೆ ಹಾಕಿ ಗೆರೆ ದಾಟಿತು. ಆರ್ಡಿಸ್ ಏನೆಂದು ಕೂಗಿದಳೋ ಅವಳಿಗೇ ಗೊತ್ತಿಲ್ಲ. ಡ್ವೇನ್ ಕೂಗಲೇ ಇಲ್ಲ.

ಸ್ವಲ್ಪ ಹೊತ್ತಿಗೆ ಟೆಸ್ಸಾ ಮಂಡಿಯವರೆಗೆ ಕೆಸರಾಗಿ, ಕಾಲೆಳೆಯುತ್ತಾ, ನಗುತ್ತಾ ಬಂದು ಅಪ್ಪನ ಭುಜಕ್ಕೆ ಒರಗಿದಳು. "ನಾನು ಎಷ್ಟನೆಯವಳಾಗಿ ಬಂದೆ ಅಪ್ಪಾ?"

ಡ್ವೇನ್ ಆರ್ಡಿಸಳನ್ನು ನೋಡಿದ. ಆರ್ಡಿಸ್ ಮೂಗು ಒರೆಸಿಕೊಳ್ಳುತ್ತಾ ಬೇರೆ ಕಡೆ ನೋಡಿದಳು.

"ಎಣಿಸ್ಲಿಲ್ಲ ಮಗಳೇ" ಎಂದ ಡ್ವೇನ್. "ಕಣ್ಣು ಕಾಣಿಸ್ತಿರ್ಲಿಲ್ಲ."

ಟೆಸ್ಸಾ ತಲೆ ಎತ್ತಿ ಅಪ್ಪನ ಮುಖ ನೋಡಿದಳು. ತನ್ನ ಅಂಗಿಯ ತೋಳಿನಿಂದ ಅವನ ಕಣ್ಣು ಒರೆಸಿದಳು. ಆಮೇಲೆ ತಾನೇ ಹೋಗಿ ಕೋಚನ್ನು ಕೇಳಿಕೊಂಡು ಬಂದಳು. 'ಇಪ್ಪತ್ತಾರನೆಯವಳು' ಎಂದಿದ್ದ.